ಜೇಡಿಮಣ್ಣಿನಲ್ಲಿ ಭ್ರೂಣದ ಮೊದಲ ನಾಲ್ಕು ವಾರಗಳು: ಕೆಲಸ ಎಲ್ಲಿಗೆ ಬಂತು

ಮಾನವ ಭ್ರೂಣದ ಮೊದಲ ನಾಲ್ಕು ವಾರಗಳನ್ನು ಜೇಡಿಮಣ್ಣಿನಲ್ಲಿ ಮಾಡಿ ನೋಡಬೇಕೆಂದು ಕೈಗೆತ್ತಿಕೊಂಡ ಕೆಲಸ ಈಗ ಅರ್ಧ ದಾಟಿದೆ. ಮೊದಲು ತಲೆನೋವಾದದ್ದು ಅಳತೆ. ಅಂಡಾಣುವಿನ ವ್ಯಾಸ ಸುಮಾರು 0.1 ಮಿ.ಮೀ.; ಅದನ್ನು ಸಾವಿರ ಪಟ್ಟು ಹಿಗ್ಗಿಸಿದರೆ 10 ಸೆಂ.ಮೀ. ಉಂಡೆಯಾಗಿ ಕೈಗೆ ಹಿತವಾಗಿ ಸಿಗುತ್ತದೆ, ಆದರೆ ಅದೇ ಲೆಕ್ಕದಲ್ಲಿ ನಾಲ್ಕನೇ ವಾರದ ಕೊನೆಯ ಭ್ರೂಣ ಮೂರೂವರೆ ಮೀಟರ್ ಉದ್ದವಾಗುತ್ತದೆ. ಆದ್ದರಿಂದ ಮೊದಲ ವಾರದ ಮಾದರಿಗಳಿಗೆ ಸಾವಿರ ಪಟ್ಟು, ಉಳಿದವಕ್ಕೆ 50 ಪಟ್ಟು ಎಂದು ನಿಶ್ಚಯಿಸಿದೆ. 50 ಪಟ್ಟಿನ ಲೆಕ್ಕದಲ್ಲಿ ಅಂಡಾಣು ಒಂದು ಕಾಳುಮೆಣಸಿನಷ್ಟಾಗುತ್ತದೆ. ಅದನ್ನೂ ಮಾಡಿ ಪಕ್ಕದಲ್ಲಿಟ್ಟಿದ್ದೇನೆ.

ಮೊದಲ ದಿನಗಳಲ್ಲಿ ಕೋಶಗಳು ಒಡೆಯುತ್ತವೆಯೇ ಹೊರತು ಒಟ್ಟು ಗಾತ್ರ ಬೆಳೆಯುವುದಿಲ್ಲ. ಹಾಗಾಗಿ ಪ್ರತಿ ಹಂತಕ್ಕೂ ಅಷ್ಟೇ ತೂಕದ ಮಣ್ಣು ತೆಗೆದುಕೊಂಡು, ಅದನ್ನು ದಾರದಿಂದ ಎರಡಾಗಿ, ನಾಲ್ಕಾಗಿ, ಮೂರನೇ ದಿನದ ಎಂಟಾಗಿ ಕತ್ತರಿಸಿದೆ. ಅಂಡಾಣುವಿನ ಹೊರಕವಚಕ್ಕೆಂದು 12 ಸೆಂ.ಮೀ. ಒಳವ್ಯಾಸದ ಪಾರದರ್ಶಕ ಪ್ಲಾಸ್ಟಿಕ್ ಗೋಳ ತಂದಿದ್ದೆ. ಎರಡು ಕೋಶಗಳನ್ನು ದುಂಡಗೆ ಉರುಟಿದರೆ ತಲಾ 8 ಸೆಂ.ಮೀ. ಆಗಿ, ಅಕ್ಕಪಕ್ಕ ಇಟ್ಟಾಗ ಗೋಳದೊಳಗೆ ಹಿಡಿಸಲೇ ಇಲ್ಲ. ಒಂದಕ್ಕೊಂದು ಒತ್ತಿ, ಮುಖಾಮುಖಿ ಭಾಗವನ್ನು ಚಪ್ಪಟೆ ಮಾಡಿದಾಗಲಷ್ಟೇ ಕೂತವು. ನಿಜವಾದ ಕೋಶಗಳೂ ಹಾಗೆಯೇ ಆನಿಕೊಂಡಿರುತ್ತವೆ, ಎಂಟರ ಹಂತದ ನಂತರವಂತೂ ಅವುಗಳ ನಡುವಿನ ಗೆರೆ ಕಾಣದಷ್ಟು ಬಿಗಿಯಾಗುತ್ತವೆ ಎಂಬುದು ಆಗ ಕೈಯಿಂದಲೇ ಅರ್ಥವಾಯಿತು. ಗಟ್ಟಿ ಉಂಡೆಗಳು ಬಿಸಿಲಿಗೆ ಬಿರುಕು ಬಿಟ್ಟಿದ್ದರಿಂದ ಈಗ ಒಳಗೆ ಟೊಳ್ಳು ಮಾಡಿ ನೆರಳಿನಲ್ಲಿ ಒಣಗಿಸುತ್ತಿದ್ದೇನೆ. ಐದನೇ ದಿನದ ಕೋಶಗಳ ಉಂಡೆ, ಅಂದರೆ ಬ್ಲಾಸ್ಟೊಸಿಸ್ಟ್, ಹೇಗೂ ಟೊಳ್ಳೇ, ಅದು ಸುಲಭವಾಯಿತು.

ಮೂರನೇ ವಾರದಲ್ಲಿ ಭ್ರೂಣ ಚಪ್ಪಟೆ ತಟ್ಟೆಯಂತಿರುತ್ತದೆ; ಆ ತಟ್ಟೆಯನ್ನು ಎರಡು ಬಾರಿ ಮಾಡಬೇಕಾಯಿತು. ವಾಡಿಕೆಯಂತೆ ಹೊರಪದರಕ್ಕೆ ನೀಲಿ, ಮಧ್ಯಪದರಕ್ಕೆ ಕೆಂಪು, ಒಳಪದರಕ್ಕೆ ಹಳದಿ ಬಣ್ಣ ಕಲಸಿ, ಮೂರು ಹಾಳೆಗಳನ್ನು ಲಟ್ಟಿಸಿ ಒಂದರ ಮೇಲೊಂದು ಹೊದಿಸಿದ್ದೆ. ನೋಡಲು ಚೆನ್ನಾಗಿತ್ತು, ಆದರೆ ಅದು ಸುಳ್ಳು ಹೇಳುತ್ತಿತ್ತು. ಸುಮಾರು 15ನೇ ದಿನ ತಟ್ಟೆಯ ಬೆನ್ನಿನ ಮೇಲೆ ಆದಿಮ ರೇಖೆ ಮೂಡಿ, ಮೇಲಿನ ಪದರದ ಕೋಶಗಳೇ ಆ ರೇಖೆಯೊಳಗೆ ಇಳಿದು ಉಳಿದೆರಡು ಪದರಗಳಾಗುತ್ತವೆ. ಮೂರಕ್ಕೂ ಮೂಲ ಒಂದೇ. ಹೊಸ ಮಾದರಿಯಲ್ಲಿ ರೇಖೆಯನ್ನು ಕೊರೆದು, ಕೆಂಪು ಮಣ್ಣು ಅದರ ಅಂಚಿನಿಂದ ಒಳಗೆ ಜಾರುವಂತೆ ತೋರಿಸಿದ್ದೇನೆ.

ನಾಲ್ಕನೇ ವಾರದಲ್ಲಿ ತಟ್ಟೆ ಮಡಚಿಕೊಳ್ಳುವುದರಷ್ಟು ನನ್ನನ್ನು ಹಿಡಿದಿಟ್ಟದ್ದು ಬೇರೊಂದಿಲ್ಲ. ಇಡೀ ತಟ್ಟೆ ಅಂಚುಗಳಲ್ಲಿ ಕೆಳಮುಖವಾಗಿ ಬಾಗಿ ಹಳದಿ ಪದರವನ್ನು ಕರುಳಿನ ನಾಳವಾಗಿ ಒಳಗೆ ಸೇರಿಸಿಕೊಳ್ಳುವಾಗ, ಬೆನ್ನಿನ ನಡುವಿನ ನೀಲಿ ಪಟ್ಟಿ ಮಾತ್ರ ಮೇಲ್ಮುಖವಾಗಿ ಎದ್ದು, ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುವ ನರನಾಳವಾಗುತ್ತದೆ. ಕರ್ಜಿಕಾಯಿಯ ಅಂಚನ್ನು ಒಂದು ತುದಿಯಿಂದ ಮುಚ್ಚುತ್ತ ಹೋಗುವಂತೆ ಇದನ್ನು ಮುಚ್ಚಲು ಹೊರಟು ತಪ್ಪಿದೆ. ಸುಮಾರು 22ನೇ ದಿನ ಅದು ಕುತ್ತಿಗೆಯ ಭಾಗದಲ್ಲಿ ಕೂಡಿಕೊಂಡು, ಅಲ್ಲಿಂದ ಎರಡೂ ಕಡೆಗೆ ಸಾಗುತ್ತದೆ. ತಲೆಯ ಕಡೆಯ ಬಾಯಿ 25ನೇ ದಿನದ ಸುಮಾರಿಗೆ, ಬಾಲದ ಕಡೆಯದು 28ರ ಹೊತ್ತಿಗೆ ಮುಚ್ಚುತ್ತವೆ. ಬಾಲದ ಕಡೆ ಮುಚ್ಚದೆ ಉಳಿದರೆ ಸ್ಪೈನಾ ಬೈಫಿಡಾ ಎಂಬ ಬೆನ್ನುಹುರಿಯ ಹುಟ್ಟುದೋಷ. ಬಹಳಷ್ಟು ತಾಯಂದಿರಿಗೆ ಗರ್ಭ ನಿಂತದ್ದು ಖಚಿತವಾಗುವ ಹೊತ್ತಿಗೆ ಇದೆಲ್ಲ ನಡೆಯುತ್ತಲೋ ಮುಗಿದೋ ಇರುತ್ತದೆ, ಆದ್ದರಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭ ಧರಿಸುವ ಮೊದಲೇ ಆರಂಭಿಸಲು ವೈದ್ಯರು ಹೇಳುತ್ತಾರೆ. ಈ ಮಾದರಿಯ ಬಾಲದ ತುದಿಯನ್ನು ನಾನು ಬೇಕೆಂದೇ ತೆರೆದಿಟ್ಟು, 26ನೇ ದಿನ ಎಂದು ಚೀಟಿ ಅಂಟಿಸಿದ್ದೇನೆ.

28ನೇ ದಿನದ ಭ್ರೂಣಕ್ಕೆ ಮಣ್ಣು ಬಿಟ್ಟು, 19ನೇ ಶತಮಾನದಲ್ಲಿ ಭ್ರೂಣಶಾಸ್ತ್ರಜ್ಞ ಗುಸ್ತಾವ್ ಬೋರ್ನ್ ಮೇಣದ ಹಾಳೆಗಳಲ್ಲಿ ಮಾಡಿದಂತೆ, ಅಡ್ಡ ಛೇದಗಳನ್ನು ಕತ್ತರಿಸಿ ಪೇರಿಸುವ ಕ್ರಮ ಹಿಡಿದಿದ್ದೇನೆ. 5 ಮಿ.ಮೀ. ದಪ್ಪದ ಫೋಮ್ ಹಾಳೆ ಒಂದಕ್ಕೆ ಭ್ರೂಣದ 0.1 ಮಿ.ಮೀ. ಸಮ. ಒಟ್ಟು 35 ಹಾಳೆ ಬೇಕು. ತಲೆಯಿಂದ ಹೃದಯದ ಉಬ್ಬಿನವರೆಗಿನ 11 ಕತ್ತರಿಸಿ ಆಗಿವೆ.