ಗಿರಣಿಯ ಸದ್ದು, ಹುಣಸೆಮರದ ತಿರುವು

ನಾನು ಮೂರನೆಯ ತರಗತಿಯಲ್ಲಿದ್ದಾಗ ಮನೆಯ ಹಿಂದಿನ ಓಣಿಯಲ್ಲಿ ನಾಯಿಯೊಂದು ನನ್ನನ್ನು ಕಚ್ಚಿತು. ಆಮೇಲೆ ನಾಯಿಗಳನ್ನು ಕಂಡರೆ ಹೆದರಿದ್ದರಲ್ಲಿ ಸೋಜಿಗವೇನೂ ಇಲ್ಲ; ಆದರೆ ಹಿಟ್ಟಿನ ಗಿರಣಿಯ ಸದ್ದು ಕೇಳಿದರೂ ಅಂಗೈ ಬೆವರತೊಡಗಿದ್ದು ಏಕೆಂಬುದು ಬಹುಕಾಲ ತಿಳಿದಿರಲಿಲ್ಲ. ಆ ನಾಯಿ ಕಚ್ಚುವುದಕ್ಕೆ ಮೊದಲು ಗಿರಣಿಯ ಜಗಲಿಯ ಮೇಲೆಯೇ ಮಲಗಿರುತ್ತಿತ್ತು, ರಾಗಿ ಬೀಸಿಸಲು ಹೋದಾಗಲೆಲ್ಲ ಅದನ್ನು ನೋಡುತ್ತಲೇ ಆ ಸದ್ದನ್ನು ಕೇಳಿದ್ದೆ.

ಮನೋವಿಜ್ಞಾನಿ ಡಬ್ಲ್ಯು. ಜೆ. ಬ್ರಾಗ್ಡೆನ್ 1939ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ ಬಗೆಯದು, ಅದೂ ನಾಯಿಗಳ ಮೇಲೆ ನಡೆಸಿದ್ದು. ಅವರು ಗಂಟೆಯ ಸದ್ದನ್ನೂ ದೀಪದ ಬೆಳಕನ್ನೂ 200 ಸಲ ಜೊತೆಯಾಗಿ ಒಡ್ಡಿ, ಬಳಿಕ ಅವುಗಳಲ್ಲಿ ಒಂದನ್ನು ಮಾತ್ರ ಕಾಲಿಗೆ ಕೊಡುವ ವಿದ್ಯುತ್ ಆಘಾತದೊಡನೆ ಜೋಡಿಸಿದರು. ಆಘಾತದ ಜೊತೆ ಒಮ್ಮೆಯೂ ಬಾರದಿದ್ದ ಇನ್ನೊಂದಕ್ಕೂ ನಾಯಿಗಳು ಕಾಲೆತ್ತಿದವು. ಕೇಡಿನ ಸುಳಿವೇ ಇಲ್ಲದಿದ್ದಾಗ ಬೆಸೆದುಕೊಂಡ ನಂಟು, ಕೇಡು ಬಂದ ಮೇಲೆ ಭಯವನ್ನು ಹಿಮ್ಮುಖವಾಗಿ ಸಾಗಿಸಿತ್ತು.

ನನಗೆ ಇನ್ನೊಂದು ಭಯವೂ ಇತ್ತು. ಶಾಲೆಯ ದಾರಿಯಲ್ಲಿ ಹುಣಸೆಮರದ ತಿರುವಿನಲ್ಲಿ ಬೀದಿನಾಯಿಗಳು ಬಿದ್ದುಕೊಂಡಿರುತ್ತಿದ್ದವು. ಅವು ನನ್ನ ತಂಟೆಗೆ ಬಂದದ್ದೇ ಇಲ್ಲ; ಆದರೂ ದಿನವೂ ಅವುಗಳನ್ನು ಕಂಡು ಎದೆ ಹೊಡೆದುಕೊಂಡು, ಕೊನೆಗೆ ನಾಯಿಗಳಿಲ್ಲದ ದಿನವೂ ಆ ತಿರುವಿಗೇ ಹೆದರುವಂತಾದೆ. ಇಲ್ಲಿ ಭಯ ಮೊದಲು, ನಂಟು ಆಮೇಲೆ. ಹೀಗೆ ಕಲಿತದ್ದರ ಮೇಲೆ ಮತ್ತೊಂದನ್ನು ಕಲಿಯುವುದನ್ನು ರಷ್ಯಾದ ಶರೀರವಿಜ್ಞಾನಿ ಪಾವ್ಲೋವ್ ಬ್ರಾಗ್ಡೆನ್‌ಗಿಂತ ಮೊದಲೇ ಗುರುತಿಸಿದ್ದರು.

ಈ ಎರಡು ದಾರಿಗಳ ಅಂತರ ಬರಿಯ ಪಾರಿಭಾಷಿಕ ಸೂಕ್ಷ್ಮವೆಂದೇ ನಾನು ಭಾವಿಸಿದ್ದೆ, 1972ರಲ್ಲಿ ಮನೋವಿಜ್ಞಾನಿಗಳಾದ ರಿಜ್ಲಿ ಮತ್ತು ರೆಸ್ಕೋರ್ಲಾ ಇಲಿಗಳಲ್ಲಿ ಕಂಡದ್ದನ್ನು ಓದುವವರೆಗೆ. ಆಘಾತದೊಡನೆ ನೇರವಾಗಿ ಜೋಡಿಸಿದ್ದ ಮೂಲ ಸಂಕೇತವನ್ನು ಆಘಾತವಿಲ್ಲದೆ ಮತ್ತೆ ಮತ್ತೆ ಒಡ್ಡಿ ಅದರ ಭಯವನ್ನು ಆರಿಸಿದಾಗ, ಮೊದಲೇ ನಂಟು ಬೆಳೆದಿದ್ದ ಸಂಕೇತದ ಭಯವೂ ಅದರೊಡನೆ ಆರಿತು. ಭಯ ಹುಟ್ಟಿದ ನಂತರ ಅಂಟಿಕೊಂಡದ್ದರ ಭಯ ಮಾತ್ರ ಹಾಗೆಯೇ ಉಳಿಯಿತು. ಮೊದಲನೆಯದು ಮೂಲದ ನೆನಪಿನ ಮೂಲಕವೇ ಹೆದರಿಸುತ್ತದೆ, ಎರಡನೆಯದು ಭಯದೊಡನೆಯೇ ನೇರವಾಗಿ ಬೆಸೆದುಕೊಂಡಿರುತ್ತದೆ ಎಂಬುದು ಇದಕ್ಕೆ ಕೊಡಲಾದ ವಿವರಣೆ.

ನನ್ನ ಅನುಭವವೇನೂ ಪ್ರಯೋಗವಲ್ಲ, ಒಂದೇ ದೇಹದ ಸಾಕ್ಷ್ಯಕ್ಕೆ ಹೆಚ್ಚು ತೂಕವೂ ಸಲ್ಲದು. ಆದರೂ ತಂಗಿ ಸಾಕಿದ ನಾಯಿಯೊಡನೆ ಒಂದೆರಡು ವರ್ಷ ಒಡನಾಡಿದ ಮೇಲೆ ಗಿರಣಿಯ ಸದ್ದು ನನಗೆ ಬರಿಯ ಸದ್ದಾಗಿದೆ. ಊರಿಗೆ ಹೋದಾಗ ಹುಣಸೆಮರದ ತಿರುವಿನಲ್ಲಿ ಮಾತ್ರ ಈಗಲೂ ರಸ್ತೆಯ ಆಚೆಬದಿಗೆ ದಾಟಿಕೊಳ್ಳುತ್ತೇನೆ.