ಮಡು ಮಾತೆಯೂ ಊರು ಬಿಟ್ಟವಳೇ

ಶ್ರೀಲಂಕಾದ ಉತ್ತರದಲ್ಲಿ, ಮನ್ನಾರ್ ಜಿಲ್ಲೆಯ ಕಾಡಿನ ನಡುವೆ ಇರುವ ಮಡು ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ ಪುಣ್ಯಕ್ಷೇತ್ರದಲ್ಲಿ ಪ್ರತಿ ಆಗಸ್ಟ್ 15ರಂದು ಹಬ್ಬ ನಡೆಯುತ್ತದೆ. ತಮಿಳರೂ ಸಿಂಹಳೀಯರೂ ಒಂದೇ ಅಂಗಳದಲ್ಲಿ ಬಿಡಾರ ಹೂಡುತ್ತಾರೆ. ಕಥೋಲಿಕರಲ್ಲದೆ ಹಿಂದೂಗಳು, ಬೌದ್ಧರು ಸಹ ಹರಕೆ ಹೊತ್ತು ಬರುತ್ತಾರೆ. ಅಲ್ಲಿನ ಮಣ್ಣು ಹಾವಿನ ವಿಷವನ್ನು ಇಳಿಸುತ್ತದೆಂಬ ನಂಬಿಕೆಯಿಂದ ಹಿಡಿ ಮಣ್ಣು ಕಟ್ಟಿಕೊಂಡು ಹೋಗುವವರೂ ಇದ್ದಾರೆ. ನನ್ನ ಮನಸ್ಸು ಮಾತ್ರ ಅಲ್ಲಿನ ಮಾತೆಯ ಪ್ರತಿಮೆ ನಡೆದು ಬಂದ ದಾರಿಯ ಕಡೆಗೇ ಹೋಗುತ್ತದೆ.

1658ರಲ್ಲಿ ಯಾಳ್ಪಾಣವನ್ನು (ಜಾಫ್ನಾ) ವಶಪಡಿಸಿಕೊಂಡ ಡಚ್ಚರು ಕಥೋಲಿಕ ಆರಾಧನೆಯನ್ನು ನಿಷೇಧಿಸಿ ಗುರುಗಳನ್ನು ಹೊರಹಾಕಿದರು. ಪರಂಪರೆ ಹೇಳುವಂತೆ, 1670ರ ವೇಳೆಗೆ ಮಾಂತೈ ಎಂಬ ಊರಿನ ಕೆಲವು ಕುಟುಂಬಗಳು ತಮ್ಮ ದೇವಾಲಯದ ಮಾತೆಯ ಪ್ರತಿಮೆಯನ್ನು ಎತ್ತಿಕೊಂಡು ಕಾಡು ಸೇರಿದವು. ಅಂದರೆ ಮಡು ಕ್ಷೇತ್ರಕ್ಕೆ ಮೊದಲು ಬಂದವರು ಯಾತ್ರಿಕರಲ್ಲ, ಪ್ರಾಣ ಮತ್ತು ವಿಶ್ವಾಸ ಎರಡನ್ನೂ ಉಳಿಸಿಕೊಳ್ಳಲು ಓಡಿಬಂದವರು. ಗುರುಗಳಿಲ್ಲದೆ ಉಳಿದಿದ್ದ ಆ ದ್ವೀಪದ ಭಕ್ತರ ಬಳಿಗೆ 1687ರಲ್ಲಿ ಬಡ ಕೂಲಿಯವನ ವೇಷದಲ್ಲಿ ಬಂದವರು ಸಂತ ಜೋಸೆಫ್ ವಾಜ್. ಗೋವೆಯವರಾದ ಅವರು ಅದಕ್ಕೆ ಮುನ್ನ ನಮ್ಮ ಕೆನರಾ ಕರಾವಳಿಯಲ್ಲಿ ಸೇವೆ ಮಾಡಿದ್ದರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಇಂದಿಗೂ ಅವರ ಪುಣ್ಯಕ್ಷೇತ್ರವಿದೆ. 2015ರ ಜನವರಿ 14ರಂದು ಬೆಳಿಗ್ಗೆ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದ ಪೋಪ್ ಫ್ರಾನ್ಸಿಸ್, ಅದೇ ಮಧ್ಯಾಹ್ನ ಮಡುವಿಗೆ ತೆರಳಿ ಯುದ್ಧದಲ್ಲಿ ನೊಂದ ಕುಟುಂಬಗಳೊಂದಿಗೆ ಪ್ರಾರ್ಥಿಸಿದರು. ಮುಡಿಪುವಿನ ಭಕ್ತರು ಮಡುವನ್ನು ಪರದೇಶದ ಕ್ಷೇತ್ರವೆಂದು ಬದಿಗಿಡಲಾಗದು.

ಸರ್ಕಾರಿ ಸೇನೆಗೂ ಎಲ್‌ಟಿಟಿಇಗೂ ನಡೆದ ಅಂತರ್ಯುದ್ಧದ ಕಾಲದಲ್ಲಿ, 1990ರಿಂದ ಆಚೆಗೆ, ದೇವಾಲಯದ ಸುತ್ತಲಿನ ಜಾಗವೇ ನಿರಾಶ್ರಿತರ ಶಿಬಿರವಾಯಿತು. ಹಬ್ಬದ ಯಾತ್ರಿಕರಿಗೆಂದು ಕಟ್ಟಿದ ವಸತಿಗಳಲ್ಲಿ, ಮರಗಳ ಅಡಿಯಲ್ಲಿ ಕಟ್ಟಿದ ಗುಡಿಸಲುಗಳಲ್ಲಿ ಸಾವಿರಾರು ಜನ ವರ್ಷಗಟ್ಟಲೆ ಬದುಕಿದರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೂ ಅಲ್ಲಿ ನೆರವು ಕೇಂದ್ರವನ್ನು ತೆರೆಯಿತು. ಅಕ್ಕಿ, ಔಷಧಿ, ತಾಡಪಾಲುಗಳನ್ನು ಯಾವ ಸಂಸ್ಥೆಯಾದರೂ ಒದಗಿಸಬಲ್ಲದು. ಆದರೆ ಮನೆ, ಹೊಲ, ಸತ್ತವರ ಗೋರಿಗಳನ್ನು ಸಹ ಬಿಟ್ಟು ಬಂದವರಿಗೆ ಸಂಜೆಯ ಜಪಮಾಲೆ, ಭಾನುವಾರದ ಬಲಿಪೂಜೆ, ಮಗುವಿನ ಜ್ಞಾನಸ್ನಾನ ಇವು ತಪ್ಪದೆ ನಡೆಯುವುದೆಂದರೆ, ಅವರ ಬದುಕಿಗೆ ಮತ್ತೆ ದಿನ ವಾರಗಳ ಲೆಕ್ಕ ಸಿಕ್ಕಂತೆ. ಹೆರೋದನಿಗೆ ಹೆದರಿ ಕೂಸನ್ನು ಎತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಓಡಿದ ತಾಯಿಯ ಮುಂದೆ ಅವರು ತಮ್ಮ ಪಾಡನ್ನು ವಿವರಿಸಬೇಕಾಗಿರಲಿಲ್ಲ.

ಹಾಗೆಂದು ಮಡುವಿಗೆ ಬಂದವರೆಲ್ಲ ಕಾಪಾಡಲ್ಪಟ್ಟರು ಎಂದು ಬರೆದರೆ ಅದು ಭಕ್ತಿಯಲ್ಲ, ಸುಳ್ಳು. 1999ರ ನವೆಂಬರ್‌ನಲ್ಲಿ ಶೆಲ್‌ಗಳು ದೇವಾಲಯದ ಆವರಣಕ್ಕೇ ಬಿದ್ದು ಸುಮಾರು ನಲವತ್ತು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. 2008ರ ಏಪ್ರಿಲ್‌ನಲ್ಲಿ ಕಾಳಗ ಹತ್ತಿರವಾದಾಗ ಗುರುಗಳು ಪ್ರತಿಮೆಯನ್ನು ಎತ್ತಿಕೊಂಡು ಕರಾವಳಿಯ ತೇವನ್‌ಪಿಟ್ಟಿಗೆ ಹೋದರು. ಮೂರು ಶತಮಾನಗಳ ನಂತರ ಮಾತೆಯು ಮತ್ತೆ ಊರು ಬಿಡಬೇಕಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಪ್ರತಿಮೆ ಮರಳಿತು. ವನ್ನಿ ಎಂಬ ಆ ಉತ್ತರದ ಸೀಮೆಯ ಜನರ ಪಾಲಿಗೆ ಮಾತ್ರ ಅತ್ಯಂತ ಕ್ರೂರವಾದ ತಿಂಗಳುಗಳು ಇನ್ನೂ ಮುಂದಿದ್ದವು. ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ.

ಧರ್ಮಸಭೆಯ ಆಸರೆ ಎಂದೊಡನೆ ನಾವು ಸಾಮಾನ್ಯವಾಗಿ ಸಾಂತ್ವನದ ಮಾತನ್ನಷ್ಟೇ ನೆನೆಯುತ್ತೇವೆ. ಮನ್ನಾರಿನ ಧರ್ಮಾಧ್ಯಕ್ಷರಾಗಿದ್ದ (ಬಿಷಪ್) ರಾಯಪ್ಪು ಜೋಸೆಫ್ ಅವರು ಅಷ್ಟಕ್ಕೆ ನಿಲ್ಲಲಿಲ್ಲ. 2008ರ ಅಕ್ಟೋಬರ್‌ನಲ್ಲಿ ವನ್ನಿಯಲ್ಲಿದ್ದ ಜನಸಂಖ್ಯೆಯನ್ನೂ, ಯುದ್ಧ ಮುಗಿಯುವಷ್ಟರಲ್ಲಿ ಸರ್ಕಾರದ ಹಿಡಿತದ ಪ್ರದೇಶಕ್ಕೆ ಬಂದವರ ಸಂಖ್ಯೆಯನ್ನೂ ಸರ್ಕಾರಿ ದಾಖಲೆಗಳಿಂದಲೇ ಎತ್ತಿಕೊಂಡು ಹೋಲಿಸಿ, 2011ರ ಜನವರಿಯಲ್ಲಿ ಯುದ್ಧದ ಕುರಿತ ಸರ್ಕಾರಿ ವಿಚಾರಣಾ ಆಯೋಗದ ಮುಂದೆ ಒಂದು ಪ್ರಶ್ನೆಯನ್ನಿಟ್ಟರು: ಲೆಕ್ಕಕ್ಕೆ ಸಿಗದ 1,46,679 ಜನರಿಗೆ ಏನಾಯಿತು? ತಪ್ಪಿಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೊರಟ ಕುರುಬನ ಸಾಮತಿಯನ್ನು, ಯೇಸು ಹೇಳಿದ ಆ ದೃಷ್ಟಾಂತ ಕಥೆಯನ್ನು, ಪೂಜಾಪೀಠದಿಂದ ಓದುವವರು ಈ ಎಣಿಕೆಯನ್ನು ರಾಜಕೀಯವೆಂದು ಹೇಗೆ ಕರೆದಾರು? 2021ರ ಏಪ್ರಿಲ್ 1ರಂದು ಅವರು ತೀರಿಕೊಂಡಾಗಲೂ ಆ ಪ್ರಶ್ನೆಗೆ ಉತ್ತರ ಬಂದಿರಲಿಲ್ಲ; ಕಾಣೆಯಾದವರ ತಾಯಂದಿರು ಇಂದಿಗೂ ಅದನ್ನೇ ಕೇಳುತ್ತಿದ್ದಾರೆ.