ಅಸಲಿ ಹೆಸರಿನ ಕಾನೂನು

ಇಂಟರ್ನೆಟ್‌ನಲ್ಲಿ ಅಸಲಿ ಹೆಸರು ಕೊಡಲೇಬೇಕು ಎಂದರೆ ಜನ ಮರ್ಯಾದೆಯಿಂದ ಕಾಮೆಂಟ್ ಮಾಡುತ್ತಾರಂತೆ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರ ಹೆಸರು, ಫೋಟೊ ಎರಡೂ ಇವೆ. ಚುನಾವಣೆ ಬಂದಾಗ ಅಲ್ಲಿನ ಭಾಷೆ ನೋಡಬೇಕು!

ದಕ್ಷಿಣ ಕೊರಿಯಾ ಇದನ್ನು ಕಾನೂನು ಮಾಡಿಯೇ ನೋಡಿತು. 2007ರಿಂದ ದೊಡ್ಡ ವೆಬ್‌ಸೈಟ್‌ಗಳಲ್ಲಿ ಕಾಮೆಂಟ್ ಹಾಕಲು ಮೊದಲು ಗುರುತು ಸಾಬೀತು ಮಾಡಬೇಕಿತ್ತು. ಹೊರಗೆ ಕಾಣುವಂತೆ ಅಡ್ಡಹೆಸರು ಇಟ್ಟುಕೊಳ್ಳಬಹುದಿತ್ತು, ಅದು ಬೇರೆ ಮಾತು. 2009ರಲ್ಲಿ ಯೂಟ್ಯೂಬ್ ಇದಕ್ಕೆ ಒಪ್ಪದೆ ತನ್ನ ಕೊರಿಯಾ ಸೈಟಿನಲ್ಲಿ ವಿಡಿಯೊ ಹಾಕುವುದು, ಕಾಮೆಂಟ್ ಮಾಡುವುದು ಎರಡನ್ನೂ ನಿಲ್ಲಿಸಿತು. ಹೀಗೆ ಗುರುತಿನ ಮಾಹಿತಿ ಸೈಟುಗಳ ಬಳಿ ರಾಶಿ ಬಿದ್ದರೆ ಕಳ್ಳರಿಗೂ ಅನುಕೂಲ: 2011ರಲ್ಲಿ ಒಂದೇ ಹ್ಯಾಕಿಂಗ್‌ನಲ್ಲಿ ಸುಮಾರು 3.5 ಕೋಟಿ ಖಾತೆಗಳ ಮಾಹಿತಿ ಕಳುವಾಯಿತು. ದೇಶದ ಜನಸಂಖ್ಯೆಯೇ ಸುಮಾರು 5 ಕೋಟಿ ಅಲ್ವಾ!

ಕಚೇರಿಯ ಲಂಚದ ಬಗ್ಗೆ ಬರೆಯಬೇಕೆಂದಿದ್ದ ಗುಮಾಸ್ತ, ಹೆಸರು ಗೊತ್ತಾಗುತ್ತದೆಂದು ಹೆದರಿ ಸುಮ್ನೆ ಕೂತಿರಬೇಕು. ಬೈಯುವವರು ಹೇಗೂ ಬೈದರು. 2012ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಕೆಟ್ಟ ಬರಹ ಹೇಳಿಕೊಳ್ಳುವಷ್ಟು ಕಡಿಮೆಯಾಗಿಲ್ಲ ಎಂದು ಕಾನೂನನ್ನು ಒಮ್ಮತದಿಂದ ರದ್ದು ಮಾಡಿತು.